ಕಾಂಟೆಸಾಗೆ ಟಾರ್ಕ್ ಕನ್ವರ್ಟರ್: 2800 ಸ್ಟಾಲ್ ಸಾಕಾ, 3800 ಬೇಕಾ?

ಬನಶಂಕರಿ_ಕಾಂಟೆಸಾ:

ಎಲ್ಲರಿಗೂ ನಮಸ್ಕಾರ. ನನ್ನ ಕಾಂಟೆಸಾ ಕಾರಿನಲ್ಲಿ ಈಗ ಟೊಯೋಟಾದ 1ಜೆಝಡ್-ಜಿಟಿಇ ಎಂಜಿನ್ ಕೂತಿದೆ. ಕಂಪನಿಯ ಜೋಡಿ ಟರ್ಬೊ ತೆಗೆದು ದೊಡ್ಡದೊಂದು ಹಾಕಿಸಿದ್ದೇನೆ. ಗೇರ್‌ಬಾಕ್ಸ್ ಎ340ಇ ಆಟೊಮ್ಯಾಟಿಕ್, ಹಿಂದಿನ ಆ್ಯಕ್ಸಲ್ ರೇಷಿಯೊ 3.9, ಟೈರ್ 205/60 ಆರ್15. ಆರ್‌ಸಿಯಲ್ಲಿ ಎಂಜಿನ್ ಬದಲಾವಣೆ ನಮೂದಾಗಿದೆ, ಆ ಪುರಾಣ ಇನ್ನೊಂದು ದಿನ.

ತೊಂದರೆ ಇಷ್ಟೇ. ಬೂಸ್ಟ್ (ಟರ್ಬೊ ಎಂಜಿನ್‌ಗೆ ತುರುಕುವ ಹೆಚ್ಚಿನ ಗಾಳಿ) ಬರುವುದು 3400 ಆರ್‌ಪಿಎಂ ದಾಟಿದ ಮೇಲೆ. ಹಳೇ ಟಾರ್ಕ್ ಕನ್ವರ್ಟರ್‌ನಲ್ಲಿ (ಎಂಜಿನ್ ಶಕ್ತಿಯನ್ನ ಎಣ್ಣೆ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಸಾಮಾನು) ಬ್ರೇಕ್ ಹಿಡಿದು ಪೂರ್ತಿ ತುಳಿದರೂ ಆರ್‌ಪಿಎಂ ಮುಳ್ಳು 2100ರಲ್ಲಿ ನಿಂತುಬಿಡುತ್ತದೆ. ಬ್ರೇಕ್ ಬಿಟ್ಟರೆ ಗಾಡಿ ಏದುಸಿರು ಬಿಡುತ್ತಾ ಹೊರಡುತ್ತದೆ. ಅರ್ಧ ಸ್ಟ್ರಿಪ್ ಮುಗಿದ ಮೇಲೆ ಎಚ್ಚರ ಆಗುತ್ತದೆ.

ಕನ್ವರ್ಟರ್ ಕಟ್ಟಿಕೊಡುವವರು 3800 ಸ್ಟಾಲ್‌ನದು ಹಾಕಿ ಅಂತಾರೆ. ಗೆಳೆಯ 2800 ಸಾಕು ಅಂತಾನೆ. ವಾರದಲ್ಲಿ ಎರಡು ಮೂರು ದಿನ ಇದೇ ಗಾಡಿಯಲ್ಲಿ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ಹೋಗುತ್ತೇನೆ. ಡ್ರ್ಯಾಗ್ ರೇಸ್ ಓಡಿಸುವುದು ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ಟ್ರ್ಯಾಕ್‌ನಲ್ಲಿ. 3800 ಹಾಕಿದರೆ ಮುಳ್ಳು 3800 ಮುಟ್ಟುವ ತನಕ ಗಾಡಿ ಕದಲುವುದೇ ಇಲ್ಲವಂತೆ, ನಿಜವಾ?

ಹೆಬ್ಬಾಳ_ನೈಟ್:

3800 ಹಾಕು ಗುರು. ಲಾಂಚೇ ಆಗದಿದ್ದರೆ ಅಷ್ಟು ದೊಡ್ಡ ಟರ್ಬೊ ಯಾಕೆ?

ಹಳೇ_ಗೇರ್‌ಬಾಕ್ಸ್:

ಹೆಬ್ಬಾಳದವರು ಆ ಗಾಡಿಯನ್ನ ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ ಆರಕ್ಕೆ ಓಡಿಸಲ್ಲ, ಅದಕ್ಕೇ ಧೈರ್ಯ ಜಾಸ್ತಿ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಅದು ಸುಳ್ಳು. ಟರ್ಬೈನ್ (ಕನ್ವರ್ಟರ್ ಒಳಗೆ ಗೇರ್‌ಬಾಕ್ಸ್ ಕಡೆಯ ಚಕ್ರ) ತಿರುಗದಂತೆ ಹಿಡಿದು, ಪೆಡಲ್ ಪೂರ್ತಿ ತುಳಿದಾಗ ಎಂಜಿನ್ ಎಲ್ಲಿಗೆ ಏರಿ ನಿಲ್ಲುತ್ತದೋ ಅದು ಸ್ಟಾಲ್. ಜಯನಗರದಲ್ಲಿ ಪಾರ್ಕಿಂಗ್ ಹುಡುಕುವಾಗ ಯಾರೂ ಪೂರ್ತಿ ತುಳಿಯಲ್ಲ ಅಲ್ವಾ? ಸ್ವಲ್ಪ ತುಳಿದರೆ ಸ್ಟಾಲ್‌ಗಿಂತ ಎಷ್ಟೋ ಕೆಳಗೇ ಗಾಡಿ ಹೊರಡುತ್ತದೆ. ಹಿಡಿತ ಸಡಿಲ ಅನ್ನಿಸುತ್ತದೆ, ಅಷ್ಟೇ.

ಇನ್ನೊಂದು. 3800 ಅನ್ನುವುದು ಕನ್ವರ್ಟರ್‌ಗೆ ಅಂಟಿಕೊಂಡ ನಂಬರ್ ಅಲ್ಲ. ಮುಂದೆ ಇರುವ ಎಂಜಿನ್ ಎಷ್ಟು ಟಾರ್ಕ್ ಕೊಡುತ್ತದೆ ಅನ್ನುವುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಲೆಕ್ಕ ವರ್ಗಮೂಲದ್ದು: ಟಾರ್ಕ್ 10% ಇಳಿದರೆ ಸ್ಟಾಲ್ ಸುಮಾರು 5% ಇಳಿಯುತ್ತದೆ. ಇದು ನಮ್ಮೂರಿನವರಿಗೆ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗಾಳಿ ಹತ್ತಿರ ಹತ್ತಿರ 10% ತೆಳು. ಬೂಸ್ಟ್ ಬರುವ ತನಕ ನಿಮ್ಮದು 8.5 ಕಂಪ್ರೆಷನ್‌ನ ಸಾದಾ 2.5 ಲೀಟರ್ ಎಂಜಿನ್, ಅದಕ್ಕೆ ಆ ಏಟು ಪೂರ್ತಿ ಬೀಳುತ್ತದೆ. ಇಲ್ಲಿ ಮನೆ ಮುಂದೆ 3000 ತೋರಿಸುವ ಕನ್ವರ್ಟರ್ ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಇರುವ ಶ್ರೀಪೆರಂಬದೂರಿನಲ್ಲಿ 3150ರ ಆಸುಪಾಸು ತೋರಿಸುತ್ತದೆ. ಸಾಮಾನು ಅದೇ. ಹಾಗಾಗಿ ಇಲ್ಲಿನ ನಂಬರ್ ನೋಡಿ "ಸಾಲಲ್ಲ" ಅಂತ ಬಿಚ್ಚಬೇಡಿ.

ಸ್ಟಾಲ್ ಮತ್ತು ಬೂಸ್ಟ್ ಒಂದೇ ಆರ್‌ಪಿಎಂನಲ್ಲಿ ಇರಬೇಕು ಅಂತ ಹಲವರು ತಿಳಿದಿದ್ದಾರೆ. ಬೇಕಿಲ್ಲ. 3000ದಲ್ಲಿ ಪೂರ್ತಿ ಲೋಡ್ ಮೇಲೆ ಹಿಡಿದರೆ ಟರ್ಬೊ ನಿಧಾನಕ್ಕೆ ಏಳುತ್ತದೆ. ಚೂರು ಬೂಸ್ಟ್ ಬಂತು ಅಂದರೆ ಟಾರ್ಕ್ ಜಾಸ್ತಿ, ಟಾರ್ಕ್ ಜಾಸ್ತಿಯಾದರೆ ಸ್ಟಾಲ್ ಇನ್ನೂ ಮೇಲೆ, ಆಗ ಇನ್ನೂ ಬೂಸ್ಟ್. ಮುಳ್ಳು ತಾನೇ 3500ರ ಕಡೆ ಹತ್ತುತ್ತದೆ. 2100ರಲ್ಲಿ ಈ ಸರಪಳಿ ಶುರುವೇ ಆಗಲ್ಲ. ಅದೇ ನಿಮ್ಮ ರೋಗ. 2800ರಲ್ಲಿ ಶುರು ಆದರೂ ಆಗಬಹುದು, ಆದರೆ ರೇಸ್ ಶುರುವಿನ ಸ್ಟೇಜ್ ಲೈಟ್ ಮುಂದೆ ಕಾಯುತ್ತಾ ಕೂರುತ್ತೀರಿ.

ನಾನಾದರೆ 3000ದಿಂದ 3200 ಹೇಳುತ್ತೇನೆ, ಲಾಕಪ್ (ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಸ್ಲಿಪ್ ಇಲ್ಲದೆ ನೇರ ಹಿಡಿಸುವ ಕ್ಲಚ್) ಇರುವಂಥದ್ದು. ಲಾಕಪ್ ಬಿಟ್ಟುಕೊಡಬೇಡಿ. ನಿಮ್ಮ ಟೈರ್, ಆ್ಯಕ್ಸಲ್ ಲೆಕ್ಕದಲ್ಲಿ ನಾಲ್ಕನೇ ಗೇರ್‌ನಲ್ಲಿ 80 ಕಿಮೀ ವೇಗಕ್ಕೆ ಎಂಜಿನ್ ಸುಮಾರು 1860 ಆರ್‌ಪಿಎಂ ತಿರುಗುತ್ತದೆ, ಸ್ಟಾಲ್‌ಗಿಂತ ಎಷ್ಟೋ ಕೆಳಗೆ. ಲಾಕಪ್ ಇಲ್ಲದಿದ್ದರೆ ಚೆನ್ನೈ ತನಕ ಇಡೀ ದಾರಿ ಸ್ಲಿಪ್, ಅಷ್ಟೂ ಎಣ್ಣೆಗೆ ಬಿಸಿ. 3800ರದ್ದು ಊರೊಳಗೆ ಇನ್ನೂ ಕೆಟ್ಟದು. ಟ್ರಾಫಿಕ್‌ನಲ್ಲಿ ಲಾಕಪ್ ಹಿಡಿಯುವಷ್ಟು ವೇಗವೇ ಬರಲ್ಲ.

ಕಟ್ಟುವವರಿಗೆ ಬರೀ "3200 ಕೊಡಿ" ಅನ್ನಬೇಡಿ. ಗಾಡಿ ತೂಕ, ಆ್ಯಕ್ಸಲ್ ರೇಷಿಯೊ, ಟೈರ್ ಅಳತೆ, ಡೈನೊ ಚಾರ್ಟ್ (ಯಂತ್ರದಲ್ಲಿ ಅಳೆದ ಪವರ್, ಟಾರ್ಕ್ ನಕ್ಷೆ) ಇದ್ದರೆ ಅದು, ಎಲ್ಲಾ ಕೊಡಿ. ಏನೂ ಕೇಳದೆ ನಂಬರ್ ಹೇಳುವವರ ಹತ್ತಿರ ಕೊಳ್ಳಬೇಡಿ.

ಬನಶಂಕರಿ_ಕಾಂಟೆಸಾ:

ಸರ್, ತುಂಬಾ ಥ್ಯಾಂಕ್ಸ್. ಅವರು ತೂಕ ಕೂಡ ಕೇಳಿರಲಿಲ್ಲ. ಗೇರ್‌ಬಾಕ್ಸ್ ಎಣ್ಣೆಯ ಕೂಲರ್ ಹೊಸದು ಬೇಕಾ? ಈಗ ರೇಡಿಯೇಟರ್ ಒಳಗಿನದೇ ಇದೆ.

ಜೆಸಿ_ರೋಡ್_ಕಾಯಂ:

ಬೇಕೇ ಬೇಕು. ಪ್ಲೇಟ್ ಟೈಪ್ ಕೂಲರ್ ಒಂದನ್ನ ರೇಡಿಯೇಟರ್ ಮುಂದೆ ಕೂರಿಸಿ, ಜೊತೆಗೆ ಸಣ್ಣ ಫ್ಯಾನ್. ನಿಂತ ಟ್ರಾಫಿಕ್‌ನಲ್ಲಿ ಗಾಳಿಯೇ ಬರಲ್ಲ, ಫ್ಯಾನ್ ಇಲ್ಲದ ಕೂಲರ್ ಅಲಂಕಾರಕ್ಕೆ. ಟೆಂಪರೇಚರ್ ಸೆನ್ಸರ್ ಗೇರ್‌ಬಾಕ್ಸ್‌ನಿಂದ ಕೂಲರ್‌ಗೆ ಹೋಗುವ ಪೈಪ್‌ನಲ್ಲಿ ಹಾಕಿ. ಗೇರ್‌ಬಾಕ್ಸ್ ತಳದ ಎಣ್ಣೆ ಪ್ಯಾನ್‌ನಲ್ಲಿ ಹಾಕಿದರೆ ತಣ್ಣಗಾದ ಎಣ್ಣೆ ನೋಡಿ ಖುಷಿ ಪಡುತ್ತೀರಿ. 80-90 ಡಿಗ್ರಿ ಚೆನ್ನಾಗಿದೆ. 115 ದಾಟಿದರೆ ಪಕ್ಕಕ್ಕೆ ಹಾಕಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ.

ಬ್ರೇಕ್ ಹಿಡಿದು ಬೂಸ್ಟ್ ಕಟ್ಟುವುದು ಒಂದು ಸಲಕ್ಕೆ ಐದು ಸೆಕೆಂಡ್‌ಗಿಂತ ಜಾಸ್ತಿ ಬೇಡ, ಅಷ್ಟು ಹೊತ್ತೂ ಎಂಜಿನ್‌ನ ಪವರ್ ಎಲ್ಲಾ ಎಣ್ಣೆ ಕಾಯಿಸುವುದಕ್ಕೇ ಹೋಗುತ್ತದೆ. ಹಿಂದೆ ಇನ್ನೂ ಡ್ರಮ್ ಬ್ರೇಕ್ ಇದ್ದರೆ ಅದು ಹಿಡಿಯುತ್ತದಾ ಅಂತ ಮೊದಲು ನೋಡಿ.

ಹಳೇ_ಗೇರ್‌ಬಾಕ್ಸ್:

ಫಿಟ್ಟಿಂಗ್ ದಿನ ನೀವೇ ಪಕ್ಕದಲ್ಲಿರಿ. ಕನ್ವರ್ಟರ್ ಒಳಗೆ ಒಂದು ಲೀಟರ್ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಹಾಕಿ ಆಮೇಲೆ ಕೂರಿಸಬೇಕು. ತಳ್ಳುತ್ತಾ ತಿರುಗಿಸಿದರೆ ಟಕ್ ಟಕ್ ಅಂತ ಒಂದೊಂದೇ ಹಂತ ಒಳಗೆ ಇಳಿಯುತ್ತದೆ, ಕೊನೆಯದು ಪಂಪ್‌ನದು. ಅದು ಸಿಕ್ಕದೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಬೆಲ್ ಹೌಸಿಂಗ್ (ಕನ್ವರ್ಟರ್ ಕೂರುವ ಗೇರ್‌ಬಾಕ್ಸ್ ಮುಂಭಾಗದ ಕವಚ) ಅಂಚಿಗೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೋಲ್ಟ್ ಕಿವಿಗಳು ಎಷ್ಟು ಒಳಗಿವೆ ಅಂತ ಅಳೆಯಿರಿ. ಹಳೇದನ್ನ ಬಿಚ್ಚುವಾಗಲೂ ಅದೇ ಅಳತೆ ಬರೆದಿಟ್ಟುಕೊಳ್ಳಿ, ಹೋಲಿಸಲು ಬೇಕಾಗುತ್ತದೆ. ಎಂಜಿನ್‌ಗೆ ಗೇರ್‌ಬಾಕ್ಸ್ ಮುಟ್ಟಿಸಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ "ಬೋಲ್ಟ್ ಟೈಟ್ ಮಾಡಿದರೆ ತಾನೇ ಕೂರುತ್ತೆ ಸಾರ್" ಅನ್ನುತ್ತಾರೆ. ಬಿಡಬೇಡಿ. ಪಂಪ್ ಒಡೆಯುವುದು ಅಲ್ಲೇ.