ಪದಚರ್ಚೆ: ‘ಟೌನ್ ಹಾಲ್ ಥಿಯೇಟರ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ನಾನಿರುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ. ಇಲ್ಲಿನ ನಾಲ್ಕಾರು ಕನ್ನಡ ಮನೆಗಳಿಗೆ ಊರಿಂದ ಅಪ್ಪ-ಅಮ್ಮಂದಿರು ಬಂದಿದ್ದಾರೆ. ಶನಿವಾರ ಅವರಿಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಕೈಗೆ ಕೊಡಲು ಒಂದು ಹಾಳೆಯಷ್ಟು ಪರಿಚಯ ಬರೆದಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಒಂದು ಕಟ್ಟಡದ ಹೆಸರಿನ ಹತ್ತಿರ ಮಾತ್ರ ಗಾಡಿ ನಿಂತಿದೆ: ಟೌನ್ ಹಾಲ್ ಥಿಯೇಟರ್.

ಕಟ್ಟಡದ ಜಾತಕ ಹೀಗಿದೆ. 1820ರ ದಶಕದಲ್ಲಿ ಪಟ್ಟಣದ ನ್ಯಾಯಾಲಯಕ್ಕೆಂದು ಕಟ್ಟಿದ್ದು. ಎದುರಿಗೇ ಇನ್ನೂ ಸ್ವಲ್ಪ ಹಳೆಯದಾದ ಕೌಂಟಿ ನ್ಯಾಯಾಲಯವಿದೆ. ಪಕ್ಕದ ಸಾಲ್ಮನ್ ವಿಯರ್ ಸೇತುವೆ ದಾಟಿದರೆ ಆಗ ಜೈಲು. ತೀರ್ಪಾದವರನ್ನು ನೇರ ಆಚೆ ದಡಕ್ಕೆ ಕರೆದೊಯ್ಯುವ ಏರ್ಪಾಡು! (ಜೈಲಿದ್ದ ಜಾಗದಲ್ಲಿ ಈಗ ಕೆಥೀಡ್ರಲ್ ಇದೆ, 1965ರದ್ದು.) ನಮ್ಮ ಕಟ್ಟಡ ಮುಂದೆ ಟೌನ್ ಹಾಲ್ ಆಯಿತು, ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಹುಕಾಲ ಸಿನಿಮಾ ತೋರಿಸಿತು, 1996ರ ಫೆಬ್ರವರಿಯಲ್ಲಿ ನಾಟಕಕ್ಕೆ ಬಾಗಿಲು ತೆರೆಯಿತು. ಮೊದಲ ಪ್ರಯೋಗ ಇದೇ ಊರಿನ ಡ್ರೂಯಿಡ್ ತಂಡದ್ದು. ಆ ನಾಟಕವೇ ನ್ಯೂಯಾರ್ಕಿನ ಬ್ರಾಡ್‌ವೇ ಹತ್ತಿ 1998ರಲ್ಲಿ ಅದರ ನಿರ್ದೇಶಕಿ ಗ್ಯಾರಿ ಹೈನ್ಸ್ ಅವರಿಗೆ ಅಲ್ಲಿನ ರಂಗಭೂಮಿಯ ಟೋನಿ ಪ್ರಶಸ್ತಿ ತಂದಿತು. ನಾಟಕ ನಿರ್ದೇಶನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

‘ಥಿಯೇಟರ್’ ಎಂದು ಬರೆದರೆ ನಮ್ಮ ಹಿರಿಯರು ಸಿನಿಮಾ ಅಂದುಕೊಳ್ಳುತ್ತಾರೆ. ‘ಪುರಭವನ ರಂಗಮಂದಿರ’ ಎಂದರೆ ಎರಡು ಕಟ್ಟಡ ಇದ್ದಂತೆ ಕೇಳಿಸುತ್ತದೆ. ಏನು ಬರೆಯಲಿ? ಹಾಗೆಯೇ ಬಾಕ್ಸ್ ಆಫೀಸ್, ಫೋಯರ್ (ಒಳಹೊಕ್ಕೊಡನೆ ಸಿಗುವ ಹಜಾರ) ಎರಡಕ್ಕೂ ಪದ ಬೇಕು.

– ಎಸ್. ಕೆ., ಗಾಲ್ವೇ

*

ಬಾಕ್ಸ್ ಆಫೀಸನ್ನು ಹಾಗೇ ಬಿಟ್ಟರೆ ನಮ್ಮವರು ‘ಎಷ್ಟು ಕೋಟಿ ಗಳಿಸಿತು’ ಎಂದು ಕೇಳಿಯಾರು. ‘ಟಿಕೆಟ್ ಕೌಂಟರ್’ ಅನ್ನಿ. ಫೋಯರಿಗೆ ‘ಮೊಗಸಾಲೆ’. ವಿಧಾನಸೌಧದ ಮೊಗಸಾಲೆಯನ್ನು ಪತ್ರಿಕೆಗಳು ದಿನಾ ಬರೆಯುತ್ತವೆ, ಹೊಸದಾಗಿ ಹುಟ್ಟಿಸುವುದೇನಿಲ್ಲ.

– ಮಂ., ಬೆಂಗಳೂರು

*

ಎಸ್. ಕೆ. ಅವರೆ, ‘ಪುರಬವನ’ವೂ ಬೇಡ, ‘ರಂಗಮಂದಿರ’ವೂ ಬೇಡ. ಎರಡೂ ಸಕ್ಕದದ ಸರಕು. ನೀವಿರುವ ನಾಡನ್ನೇ ನೋಡಿ ಕಲಿಯಬಹುದಲ್ಲ? ಅಯ್ರಿಶ್ ಮಂದಿ ತಿಯೇಟರನ್ನು ಎರವಲು ತರಲಿಲ್ಲ, ‘ಔರ್ಕ್‌ಲನ್’ ಎಂದು ತಾವೇ ಕಟ್ಟಿಕೊಂಡರು. ‘ಔರ್ಕ್’ ಎಂದರೆ ನೋಟ, ‘ಲನ್’ ಎಂದರೆ ತಾಣ. ಅದೇ ಊರಿನಲ್ಲಿ 1928ರಿಂದಲೂ ಅವರ ನುಡಿಯ ನಾಟಕದ ಮನೆಯೇ ಇದೆ, ಅದಕ್ಕೂ ಅವರದೇ ಹಳೆಯ ಪದವನ್ನು ಇಟ್ಟಿದ್ದಾರೆ. ನಮಗೇಕೆ ಕೀಳರಿಮೆ? ‘ಊರಚಾವಡಿ ಆಟದಮನೆ’. ಮುಗಿಯಿತು.

– ತಿ. ಗೌ.

*

‘ಆಟದಮನೆ’ ಅಂದರೆ ಮಗು ಬೊಂಬೆ ಇಟ್ಟು ಆಡುವ ಮನೆ. ಮುಗಿಯಲಿಲ್ಲ.

ವ್ಯುತ್ಪತ್ತಿಯ ಮಾತೆತ್ತಿದ್ದೀರಿ, ಸಂತೋಷ. ಗ್ರೀಕಿನ ಥಿಯಾಟ್ರಾನ್ ಎಂದರೂ ನೋಡುವ ತಾಣವೇ. ನಿಮ್ಮ ಐರಿಷ್ ಪದವೂ ಅದೇ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ತೆಗೆದು ನೋಡಿ: ವಿಕೃಷ್ಟ, ಚತುರಸ್ರ, ತ್ರ್ಯಸ್ರ ಎಂದು ಮೂರು ಆಕಾರದಲ್ಲಿ ಕಟ್ಟಬೇಕೆಂದು ಹೇಳಿರುವುದು ಯಾವುದನ್ನು? ಪ್ರೇಕ್ಷಾಗೃಹವನ್ನು. ಪ್ರೇಕ್ಷಾ ಎಂದರೆ ನೋಟ, ಗೃಹ ಎಂದರೆ ಮನೆ. ಮೂರು ಭಾಷೆ ಒಂದೇ ಕಡೆ ಕೈ ತೋರಿಸುತ್ತಿರುವಾಗ ನಾವೇಕೆ ಗೊಂಬೆಯಾಟಕ್ಕೆ ಇಳಿಯಬೇಕು? ‘ಪುರಭವನ ಪ್ರೇಕ್ಷಾಗೃಹ’ ಎಂದು ಬರೆಯಿರಿ.

– ರಾ. ವೆಂ., ಮೈಸೂರು

*

ರಾ. ವೆಂ. ಸರ್, ಪ್ರೇಕ್ಷಾಗೃಹ ಎಂದರೆ ಇವತ್ತಿನ ಓದುಗರಿಗೆ ಪ್ರೇಕ್ಷಕರು ಕೂರುವ ಭಾಗ ಅಷ್ಟೇ. ರಂಗಸ್ಥಳ, ಬಣ್ಣ ಹಚ್ಚುವ ಚೌಕಿ ಎಲ್ಲ ಹೊರಗೇ ಉಳಿದುಹೋದವು.

ತಿ. ಗೌ. ಅವರಿಗೆ: ಚಾವಡಿ ನಮ್ಮ ಕರಾವಳಿಯಲ್ಲಿ ಮನೆಯೊಳಗಿನ ಹಜಾರ. ಹಬ್ಬಕ್ಕೆ ನೆಂಟರನ್ನು ಕೂರಿಸುವ ಜಾಗ, ಊರವರ ಸಭೆಗಲ್ಲ. ಮೇಲಾಗಿ ಆ ಪದ ತೆಲುಗು, ತಮಿಳು, ಮರಾಠಿ ಎಲ್ಲ ಕಡೆ ಓಡಾಡಿಕೊಂಡಿದೆ. ಅದನ್ನು ಅಚ್ಚಗನ್ನಡದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬೇಡಿ.

– ವ. ಭ., ಉಡುಪಿ

*

ತಿ. ಗೌ. ಅವರು ಐರಿಷ್‌ನವರ ಉದಾಹರಣೆ ಕೊಟ್ಟರಲ್ಲ, ಅರ್ಧ ಹೇಳಿ ನಿಲ್ಲಿಸಿದ್ದಾರೆ. ನಾನು ಇಲ್ಲಿಗೆ ಬಂದು ಐದು ವರ್ಷ ಆ ಭಾಷೆಯ ಸಂಜೆ ತರಗತಿಗೆ ಹೋದವಳು, ಉಳಿದರ್ಧ ನಾನು ಹೇಳುತ್ತೇನೆ.

‘ಔರ್ಕ್‌ಲನ್’ ಸ್ವಂತದ್ದು, ಒಪ್ಪಿದೆ. ಆದರೆ ಟೌನ್ ಹಾಲ್‌ಗೆ ಅವರು ಹೇಳುವುದು ‘ಹಾಲ್ಲ ಅನ್ ವಾಲ್ಯ’. ‘ವಾಲ್ಯ’ ಊರು, ಅದು ಅವರದು. ‘ಹಾಲ್ಲ’ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕೇ? ಗ್ರಂಥಾಲಯಕ್ಕೆ ಅದೇ ‘ಲನ್’ ಹಚ್ಚಿ ‘ಲ್ಯೌರ್‌ಲನ್’ ಎನ್ನುತ್ತಾರೆ. ಅದರ ಮೊದಲರ್ಧ, ಅಂದರೆ ಪುಸ್ತಕ ಎಂಬ ಪದ, ಲ್ಯಾಟಿನ್ನಿನ ಲಿಬೆರ್. ನಾಟಕ ‘ಡ್ರಾಮಾ’. ನ್ಯಾಯಾಲಯ ‘ಕೂರ್ಟ್’. ನಾವು ಕೋರ್ಟನ್ನು ಇಂಗ್ಲಿಷರಿಂದ ಪಡೆದೆವು, ಅವರು ನಾರ್ಮನ್ನರ ಕಾಲಕ್ಕೇ ಇಳಿಸಿಕೊಂಡಿದ್ದರು, ಅಷ್ಟೇ ವ್ಯತ್ಯಾಸ. ಗಾಲ್ವೇಯಲ್ಲಿ 1985ರಲ್ಲಿ ಶುರುವಾದ ಸಾಹಿತ್ಯೋತ್ಸವದ ಹೆಸರೇ ‘ಕೂರ್ಟ್’, ಅದರ ಕಾರ್ಯಕ್ರಮಗಳು ಇದೇ ಹಳೆಯ ಕೋರ್ಟಿನೊಳಗೂ ನಡೆದಿವೆ. ಯಾರಿಗೂ ಮೈಲಿಗೆ ಆಗಿಲ್ಲ.

– ಡಬ್ಲಿನ್‌ನಿಂದ ಸು. ಹೆ.

*

ನಮ್ಮ ಕಡೆ ಜಾತ್ರ್ಯಾಗ ಕಂಪನಿ ನಾಟಕದವರು ತಗಡು ಬಡದು ನಿಲ್ಲಿಸಿದ್ದಕ್ಕೂ ಥಿಯೇಟರ್ ಅಂತಾರ. ಥಿಯೇಟರ್ ಅಂದ್ರ ಬರೇ ಸಿನಿಮಾ ಅನ್ನೂದು ನಿಮ್ಮ ಬೆಂಗಳೂರಿನ ಕಾನೂನು. ಹಂಗs ಬಿಡ್ರಿ.

– ಧಾರವಾಡದ ಓದುಗ

*

ಸು. ಹೆ. ಅವರೆ, ಅವರು ಎರವಲು ತಂದರು ಎಂದ ಮಾತ್ರಕ್ಕೆ ನಾವೂ ತರಬೇಕೆ? ಅಲ್ಲಿ ಅಯ್ರಿಶ್ ಇಂದು ಯಾವ ನೆಲೆಯಲ್ಲಿದೆ ಎಂದು ನಿಮಗೇ ಗೊತ್ತು. ಬೋರ್ಡಿನ ಮೇಲೆ ಓರೆ ಅಕ್ಕರದಲ್ಲಿ ಉಳಿದಿದೆ, ಬೀದಿಯ ಮಾತಿನಲ್ಲಿ ಇಲ್ಲ. ಎರವಲಿಗೆ ಬಾಗಿಲು ತೆರೆದಿಟ್ಟವರ ಪಾಡು ಅದು.

– ತಿ. ಗೌ.

*

ಅದು ಪದ ಎರವಲು ತಂದದ್ದರಿಂದ ಆದ ಪಾಡಲ್ಲ ಸ್ವಾಮಿ. 1845ರಿಂದಾಚೆಗಿನ ಆಲೂಗಡ್ಡೆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷ ಜನ ಹಡಗು ಹತ್ತಿದರು. ಹೆಚ್ಚಿನ ಹೊಡೆತ ಬಿದ್ದದ್ದು ಐರಿಷ್ ಆಡುತ್ತಿದ್ದ ಈ ಪಶ್ಚಿಮದ ಬಡವರಿಗೇ. ಜೊತೆಗೆ ಶಾಲೆಯಲ್ಲಿ ಇಂಗ್ಲಿಷ್. ‘ಹಾಲ್ಲ’ ಎಂದದ್ದಕ್ಕೆ ಯಾವ ಭಾಷೆಯೂ ಸತ್ತಿಲ್ಲ. ಗಾಲ್ವೇಯಿಂದ ಅರ್ಧ ಗಂಟೆ ಪಶ್ಚಿಮಕ್ಕೆ ಹೋದರೆ ಇವತ್ತಿಗೂ ಅಂಗಡಿಯಲ್ಲಿ ಐರಿಷ್ ಕಿವಿಗೆ ಬೀಳುತ್ತದೆ, ಬನ್ನಿ ಕೇಳಿಸುತ್ತೇನೆ.

– ಸು. ಹೆ.

*

ಪದ ಕೇಳಿದವರು ಇನ್ನೂ ಕಾಯುತ್ತಿದ್ದಾರೆ ಎಂದು ನೆನಪಿಸಬಹುದೇ?

ನನ್ನ ತಲೆಗೆ ಹೊಳೆದದ್ದು ಇದು. ಆ ಕಟ್ಟಡ ಮೊದಲು ಏನಾಗಿತ್ತು? ಕೋರ್ಟ್ ಕಚೇರಿ. ಈಗ ಒಳಗೆ ಸಂಗೀತವೂ ಇರುತ್ತದೆ ಎಂದುಕೊಂಡಿದ್ದೇನೆ, ಅಂದರೆ ಕಚೇರಿ. ಕಟ್ಟಡ ತುಳಿದ ದಾರಿಯನ್ನು ನಮ್ಮ ಒಂದು ಪದ ಆಗಲೇ ತುಳಿದುಬಂದಿದೆ. ಅಠಾರಾ ಕಚೇರಿಯಲ್ಲಿ ವಕೀಲರು, ರಾಮೋತ್ಸವದ ಕಚೇರಿಯಲ್ಲಿ ಪಿಟೀಲು. ಆ ಪದವೂ ಎರವಲು. ಎರವಲಾದದ್ದಕ್ಕೇ ನಮ್ಮವರು ಬೇಕಾದಂತೆ ಬಗ್ಗಿಸಿಕೊಂಡರೇನೋ!

ಹೆಸರಿಗೆ ಮಾತ್ರ ನನ್ನ ಮತ ‘ಟೌನ್‌ಹಾಲ್ ರಂಗಮಂದಿರ’. 1935ರ ಬೆಂಗಳೂರಿನ ಕಟ್ಟಡದ ಮೇಲೆ ಪುರಭವನ ಎಂದಿದ್ದರೂ ಆಟೋದವರಿಗೆ ಹೇಳುವುದು ಟೌನ್‌ಹಾಲ್ ಎಂದೇ.

– ಮಂ.

*

ಮೈಸೂರಿನ ಟೌನ್‌ಹಾಲನ್ನೂ ಮರೆಯಬೇಡಿ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ್ದು, ನಾನು ಅಲ್ಲಿ ನಾಟಕ ನೋಡಿದ್ದೇನೆ. ಹೆಸರಿನಲ್ಲೇ ರಂಗವಿದೆ, ಆ ರಂಗ ಬೇರೆ ಎಂದು ಗೊತ್ತು. ಪ್ರೇಕ್ಷಾಗೃಹವನ್ನು ಕೈಬಿಟ್ಟದ್ದಕ್ಕೆ ನನ್ನ ಅಸಮ್ಮತಿ ದಾಖಲಾಗಲಿ.

– ರಾ. ವೆಂ.

*

ಎಲ್ಲರಿಗೂ ವಂದನೆ. ಹಾಳೆ ಪ್ರಿಂಟಿಗೆ ಹೋಯಿತು. ತಲೆಬರಹ ‘ಟೌನ್‌ಹಾಲ್ ರಂಗಮಂದಿರ’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಮೊದಲು ಕೋರ್ಟ್ ಕಛೇರಿ, ನಡುವೆ ಸಿನಿಮಾ, ಈಗ ನಾಟಕ ಮತ್ತು ಸಂಗೀತ ಕಛೇರಿ.’ ಟಿಕೆಟ್ ಕೌಂಟರ್, ಮೊಗಸಾಲೆ ಎರಡೂ ಹಾಗೆಯೇ ಹೋದವು. ನಮ್ಮತ್ತೆ ಓದಿ ನೋಡಿ ‘ಜೈಲೂ ಹತ್ತಿರವೇ ಇತ್ತಲ್ಲ, ಅನುಕೂಲ’ ಎಂದರು.

– ಎಸ್. ಕೆ.

*

ಕಚೇರಿ. ‘ಚ’. ಹಿಂದಿಯಲ್ಲೇ ಕಚಹರಿ, ಅಲ್ಲೂ ಮಹಾಪ್ರಾಣ ಇಲ್ಲ. ಇಲ್ಲದ ಹೊಟ್ಟೆಸೀಳನ್ನು ತಂದು ಸೇರಿಸುವುದು ನಮ್ಮವರಿಗೇ ಬರಬೇಕು.

– ತಿ. ಗೌ.

*

‘ಚ’ದ ಮುಂದಿನ ‘ಹ’ ಎಲ್ಲಿಗೆ ಹೋಯಿತು ಎಂದು ತಿ. ಗೌ. ಅವರು ವಿವರಿಸಲಿ. ಎರಡೂ ಕೂಡಿಯೇ ‘ಛ’ ಆದದ್ದು. ಬೇರೆ ಎಳೆಯಲ್ಲಿ ಬರೆಯುತ್ತೇನೆ.

– ರಾ. ವೆಂ.