ಮಂಡಿವರೆಗಿನ ಪ್ರವಾಸ

"ಲೋ, ಕಾಲು ಆಚೆ ತೆಗೀಬೇಡ್ರೋ, ಫ್ರೇಮ್ ಹಾಳಾಗುತ್ತೆ!" ಟ್ರೈಪಾಡ್ ಹಿಂದಿಂದ ಗಿರಿ ಕೂಗ್ದ.

"ಯಾವನೋ ತೆಗೀತಾನೆ ಈ ಚಳೀಲಿ" ಅಂದ ಪದ್ದು.

ಜಪಾನಿನ ಹೊಕ್ಕಾಯ್ಡೋದ ತೋಯಾ ಸರೋವರ, ಫೆಬ್ರವರಿ, ದಡದಲ್ಲಿ ಪುಗಸಟ್ಟೆ ಕಾಲಿಡೋ ಬಿಸಿನೀರ ತೊಟ್ಟಿ. ಮೇ ತಿಂಗಳು ಚೆರ್ರಿ ಹೂವಿಗೆ ಬಂದ್ರು, ಆಗಸ್ಟಲ್ಲಿ ಕೆರೆ ಮೇಲಿನ ಪಟಾಕಿಗೆ, ಅಕ್ಟೋಬರಲ್ಲಿ ಕೆಂಪೆಲೆಗೆ, ಈಗ ಹಿಮಕ್ಕೆ, ಎಲ್ಲಾ ಗಿರಿಯ "ಒಂದೇ ಜಾಗ ನಾಲ್ಕು ಋತು" ರೀಲಿಗೋಸ್ಕರ, ಅದೇ ಬೆಂಚು, ಅದೇ ಕೆಂಪು ಸ್ವೆಟರ್, ಆಗಸ್ಟಲ್ಲೂ ಸ್ವೆಟರ್.

"ನಮ್ಮಲ್ಲಿ ಋತು ಆರು ಕಣೋ" ಅಂದ ನಾಣಿ. "ವರ್ಷ, ಹೇಮಂತ ಬಾಕಿ. ಇನ್ನೆರಡು ಸಲ ಟೋಕಿಯೋದಿಂದ ಫ್ಲೈಟ್ ಬುಕ್ ಮಾಡು."

"ಇಷ್ಟು ಚಳೀಲೂ ಕೆರೆ ಹೆಪ್ಪುಗಟ್ಟಿಲ್ವಲ್ಲ, ಕೆಳಗೆ ಜ್ವಾಲಾಮುಖಿ ಬೆಂಕಿ ಇರೋದಕ್ಕಾ?"

"ಆಳ ಕಣೋ ಪದ್ದು, ಹತ್ತಿರತ್ತಿರ 180 ಮೀಟರ್. ಅಷ್ಟು ನೀರು ತಣ್ಣಗಾಗೋಷ್ಟ್ರಲ್ಲಿ ಚಳಿಗಾಲನೇ ಮುಗಿಯುತ್ತೆ. ನಮ್ಮ ಗಿರಿ ಥರ, ಯಾರು ಏನಂದ್ರೂ ಒಳಗಿಳಿಯೋದೇ ಇಲ್ಲ."

ಗಿರಿಗೆ ರೇಗ್ತು. "ಅಲ್ಲಿ ಶೋವಾ ಶಿಂಜಾನ್ ಬೆಟ್ಟ ಇದ್ಯಲ್ಲ, 1943ರ ಕೊನೇಲಿ ಗೋಧಿ ಹೊಲ ಉಬ್ಬಿ ಉಬ್ಬಿ ಎರಡು ವರ್ಷದಲ್ಲಿ ಬೆಟ್ಟ ಆಯ್ತಲ್ಲ, ಆಗ ಇಲ್ಲಿನ ಪೋಸ್ಟ್ ಮಾಸ್ಟರ್ ಮಿಮಾತ್ಸು ಒಂದೇ ಜಾಗದಲ್ಲಿ ಕೂತು ಅದು ಬೆಳೆಯೋದನ್ನ ಬರ್ಕೊಂಡ. ಯುದ್ಧದ ಕಾಲ, ಸಲಕರಣೆ ಇಲ್ಲ, ದಾರ ಕಟ್ಕೊಂಡು ಅದರ ಲೆಕ್ಕಕ್ಕೆ ಬೆಟ್ಟದ ಗೆರೆ ಎಳೆದ. ಅದೂ ರೀಲೇ!"

"ಹೌದಪ್ಪಾ. ಆಮೇಲೆ ಆ ಬೆಟ್ಟ ಹಾಳಾಗಬಾರ್ದು ಅಂತ ಆ ಜಾಗನೇ ಕೊಂಡ್ಕೊಂಡ. ನಿನ್ನ ರೀಲಲ್ಲಿ ಬೆಳೆದಿರೋದು ನಿನ್ನ ಹೊಟ್ಟೆ ಒಂದೇ."

ಪದ್ದು ನಕ್ಕು ತೊಟ್ಟಿಗೆ ಬೀಳೋದ್ರಲ್ಲಿದ್ದ.

"ನೋಡ್ರೋ" ನಾಣಿ ಬಿಡಲಿಲ್ಲ, "1910ರಲ್ಲಿ ಉಸು ಬೆಟ್ಟ ಸಿಡಿದ ಮೇಲೆ ಇಲ್ಲಿ ಬಿಸಿನೀರು ಸಿಕ್ಕಿದ್ದು, ಊರಿಗೂರೇ ಅದರ ಮೇಲೆ ನಿಂತಿದೆ, ಇಡೀ ಜಪಾನ್ ಬಂದು ಸ್ನಾನ ಮಾಡ್ಕೊಂಡು ಹೋಗುತ್ತೆ, ನಾವು ನಾಲ್ಕು ಸಲ ಬಂದ್ರೂ ಮಂಡಿ ಮೇಲೆ ನೀರು ಮುಟ್ಟಿಸಿಲ್ಲ."

"ಬಟ್ಟೆ ಪೂರ್ತಿ ಬಿಚ್ಬೇಕಂತಲ್ಲೋ" ಅಂದ ಪದ್ದು, ಆ ಕಡೆ ಕೂತ ಜಪಾನಿ ಅಜ್ಜಿಗೆ ಕನ್ನಡ ಬರುತ್ತೇನೋ ಅನ್ನೋ ಹಾಗೆ ಮೆಲ್ಲಗೆ.

"ದೀಪಾವಳೀಲಿ ಮೈತುಂಬಾ ಎಣ್ಣೆ ಬಳ್ಕೊಂಡು ಬಚ್ಚಲಲ್ಲಿ ಕೂತಾಗ ಏನು ಸೂಟ್ ಹಾಕಿದ್ಯಾ? ಹೊಗೆಗೆ ಕಣ್ಣು ಉರಿ, ಸೀಗೇಪುಡಿಗೆ ಇನ್ನೊಂದಿಷ್ಟು ಉರಿ, ನಮ್ಮಜ್ಜಿ ಹಂಡೆಯಿಂದ ಮೊಗೆದು ಮೊಗೆದು ಹೊಯ್ಯೋಳು, ಸಾಕು ಅಂದ್ರೂ ಬಿಡ್ತಿರ್ಲಿಲ್ಲ."

ಯಾರೂ ಮಾತಾಡಲಿಲ್ಲ. ಗಿರಿ ಬಂದು ಸಾಕ್ಸ್ ಬಿಚ್ಚಿ ಕಾಲು ಇಳಿಬಿಟ್ಟ, ಟೈಮರ್ ಕೀ ಕೀ ಅಂತಿತ್ತು, ಮೂರೂ ಜನ ನೀರು ನೋಡ್ತಿರೋ ಫೋಟೋ ಬಿತ್ತು.

"ಟವೆಲ್ ಅವರೇ ಕೊಡ್ತಾರಂತೆ" ಅಂದ ಗಿರಿ ಕೊನೆಗೆ.

"ಅದು ಸರಿ" ಅಂದ ನಾಣಿ, "ಬೆನ್ನುಜ್ಜೋರು ಯಾರು?"