ಮಡಿಕೇರಿ ಮನೆ ಮಾರಿ ಕುಶಾಲನಗರಕ್ಕೆ ಇಳಿದರೆ ಉಳಿಯುವುದೆಷ್ಟು?

ಪ್ರಶ್ನೆ: ಮಡಿಕೇರಿಯಲ್ಲಿ 2,400 ಚದರಡಿಯ ಹಂಚಿನ ಮನೆ, 2008-09ರಲ್ಲಿ 22 ಲಕ್ಷಕ್ಕೆ ಕೊಂಡದ್ದು. ಈಗ 90 ಲಕ್ಷಕ್ಕೆ ಕೇಳುತ್ತಿದ್ದಾರೆ. ಇರುವವರು ನಾವಿಬ್ಬರೇ. ಕುಶಾಲನಗರದಲ್ಲಿ 50 ಲಕ್ಷಕ್ಕೆ ಚಿಕ್ಕ ಮನೆ ಸಿಗುತ್ತಿದೆ. ಮಿಕ್ಕ 40 ಲಕ್ಷ ಎಫ್‌ಡಿಗೆ ಹಾಕಬಹುದಲ್ಲವೇ ಮೇಡಂ?

ಆಡಿಟರ್: 40 ಉಳಿಯುವುದಿಲ್ಲ ಸರ್. ಮಾರಾಟಕ್ಕೆ ಬ್ರೋಕರ್ 2% ಅಂದರೆ 1.8 ಲಕ್ಷ. ಕೊಳ್ಳುವಾಗ ಮುದ್ರಾಂಕ ಶುಲ್ಕ 5%, ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 3.8 ಲಕ್ಷ. ಆ ಕಡೆಯ ಬ್ರೋಕರ್‌ಗೆ 50 ಸಾವಿರ, ಲಾರಿ-ಪೇಂಟ್-ಸಣ್ಣಪುಟ್ಟ ರಿಪೇರಿಗೆ ಒಂದೂವರೆ ಲಕ್ಷ ಇಡಿ. ಉಳಿಯುವುದು 32.4 ಲಕ್ಷ, 6.5% ಬಡ್ಡಿಯಂತೆ ವರ್ಷಕ್ಕೆ 2.1 ಲಕ್ಷ.

ತೆರಿಗೆಗೆ ಹೆದರಬೇಡಿ. ಹಳೆಯ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲಾಭ ಲೆಕ್ಕ ಹಾಕಲು ಸರ್ಕಾರದ ಸೂಚ್ಯಂಕವಿದೆ: 2008-09ರಲ್ಲಿ 137, 2025-26ರಲ್ಲಿ 376. ನಿಮ್ಮ 22 ಲಕ್ಷ 60.4 ಲಕ್ಷವಾಗುತ್ತದೆ, ಬ್ರೋಕರ್ ಖರ್ಚೂ ಕಳೆದರೆ ಲಾಭ ಸುಮಾರು 27.8 ಲಕ್ಷ. ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ಅಷ್ಟಕ್ಕೆ ತೆರಿಗೆ ವಿನಾಯಿತಿ; ಹೊಸ ಮನೆಯ ಬೆಲೆ ಲಾಭಕ್ಕಿಂತ ಜಾಸ್ತಿ ಇರುವುದರಿಂದ ಈ ಲೆಕ್ಕದಲ್ಲಿ ತೆರಿಗೆ ಸೊನ್ನೆ. ಸೂಚ್ಯಂಕವಿಲ್ಲದ 12.5% ದರದ ಲೆಕ್ಕ ಹಿಡಿದರೆ, ಹೊಸ ಮನೆಯ ಖರ್ಚು ಕಳೆದ ಮೇಲೂ ಒಂದೂವರೆ ಲಕ್ಷ ಬೀಳುತ್ತಿತ್ತು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಎರಡರಲ್ಲಿ ಕಡಿಮೆ ಬರುವುದನ್ನು ಕಟ್ಟಿದರೆ ಸಾಕು. ಆದರೆ ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿ ವಾಪಸ್ ಹೋಗುತ್ತದೆ. ಮಾರಾಟ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು 1% ಟಿಡಿಎಸ್ (ಮುಂಗಡ ತೆರಿಗೆ ಕಡಿತ), 90 ಸಾವಿರ, ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ.

ಲೆಕ್ಕಕ್ಕೆ ಬಾರದ ಲಾಭವೂ ಇದೆ. ಪ್ರತಿ ಮೇ ತಿಂಗಳಲ್ಲಿ ಹಂಚು ಸರಿಪಡಿಸುವ, ಕೊಳೆತ ರೀಪು ಬದಲಿಸುವ, ಪಾಚಿ ತಿಕ್ಕಿಸುವ ಕೂಲಿ ತಪ್ಪುತ್ತದೆ.

ಪ್ರಶ್ನೆ: ಕುಶಾಲನಗರದ ಆ ಮನೆ ಹೊಳೆಗೆ ಹತ್ತಿರ. ಈಗಷ್ಟೇ ಪೇಂಟ್ ಆಗಿದೆ.

ಆಡಿಟರ್: ಇದು ಆಡಿಟರ್ ಕೆಲಸವಲ್ಲ, ಆದರೂ ಹೇಳುತ್ತೇನೆ. 2018, 2019ರಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಗೋಡೆ ನೋಡಬೇಡಿ. ಮೆಟ್ಟಿಲ ಕೆಳಗೆ, ಅಡುಗೆಮನೆ ಕಪಾಟಿನ ಒಳಬೆನ್ನಿಗೆ ಟಾರ್ಚ್ ಹಾಕಿ. ಪೇಂಟ್‌ನವರು ಅಲ್ಲಿಗೆ ಕೈ ಹಾಕಿರುವುದಿಲ್ಲ. ಕಂದು ಗೆರೆ ಉಳಿದಿದ್ದರೆ ನೀರು ಅಲ್ಲಿಯವರೆಗೆ ನಿಂತಿತ್ತು. ಪ್ಲಗ್ ಪಾಯಿಂಟ್‌ಗಳೆಲ್ಲ ಎದೆಮಟ್ಟಕ್ಕೆ ಏರಿದ್ದರೂ ಕಾರಣ ಕೇಳಿ.

ಅನುಮಾನವಿದ್ದರೆ ಒಂದು ಮಳೆಗಾಲ ಬಾಡಿಗೆಗೆ ಇರಿ. ಮಾರಿದ ಮೇಲೆ ಕೊಳ್ಳಲು ಎರಡು ವರ್ಷ ಸಮಯವಿದೆ. ಹಣವನ್ನು ಮಾತ್ರ ರಿಟರ್ನ್ ಗಡುವಿನೊಳಗೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು. ಮಾಮೂಲಿ ಎಫ್‌ಡಿಯಲ್ಲಿಟ್ಟರೆ ವಿನಾಯಿತಿ ಕೈತಪ್ಪುತ್ತದೆ. ಜನ ಎಡವುವುದು ಇಲ್ಲೇ.

ಪ್ರಶ್ನೆ: ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಆಮೇಲೆ ಮಾಡಿಸಿಕೊಡುತ್ತೇವೆ, ಈಗ 10 ಲಕ್ಷ ಅಡ್ವಾನ್ಸ್ ಕೊಡಿ ಎಂದು ಆ ಮನೆ ಮಾರುವವರು ಎನ್ನುತ್ತಿದ್ದಾರೆ.

ಆಡಿಟರ್: ಬೇಡ. ಇ-ಖಾತಾ ಇಲ್ಲದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರ ಮುಂದಕ್ಕೆ ಹೋಗುವುದಿಲ್ಲ. 50 ಸಾವಿರ ಚೆಕ್‌ನಲ್ಲಿ ಕೊಟ್ಟು, 60 ದಿನದಲ್ಲಿ ಇ-ಖಾತಾ ಬಾರದಿದ್ದರೆ ಪೂರ್ತಿ ವಾಪಸ್ ಎಂದು ಕರಾರಿನಲ್ಲಿ ಬರೆಸಿ. ನಿಮ್ಮ ಮಡಿಕೇರಿ ಮನೆಯ ಇ-ಖಾತಾ ಆಗಿದೆಯೇ? ಮೊದಲು ಅದನ್ನು ನೋಡಿ.